ಹರಿಗೋಲು ದಡವೇರಿದ ದಿನಗಳು

ಹಿಮವೆಂಬುದನ್ನು ಹೊಸಪೇಟೆಯವರಾದ ನಾವು ಚಿತ್ರಪಟಗಳಲ್ಲಿ ಕಂಡವರೇ ಹೊರತು ಕೈಯಿಂದ ಮುಟ್ಟಿದವರಲ್ಲ. ಮಾಗಿಯ ಚಳಿ ಎಷ್ಟೇ ಬಿರುಸಾದರೂ ಒಂದು ಕಂಬಳಿ, ಒಂದು ಲೋಟ ಬಿಸಿ ಚಹ, ಮನೆಯ ಮುಂದಿನ ಕಟ್ಟೆಯ ಮೇಲೆ ಬೀಳುವ ಎಳೆಬಿಸಿಲು, ಇಷ್ಟರಲ್ಲಿ ಅದು ತೀರಿಹೋಗುತ್ತದೆ. ಆದರೆ ಅಮೆರಿಕದ ಮಿನ್ನೆಸೋಟದಲ್ಲಿ ನೆಲೆಸಿರುವ ನಮ್ಮ ಅಕ್ಕನ ಮಗನ ಮಾತು ಬೇರೆ. ಅವನಿಗೆ ದೋಣಿಯ ಹುಚ್ಚು. ಕಾರ್ತಿಕ ಕಳೆಯುವ ಹೊತ್ತಿಗೆ ಅಲ್ಲಿಯ ಸರೋವರಗಳು ಹೆಪ್ಪುಗಟ್ಟಲು ತೊಡಗುತ್ತವೆ. ಅದಕ್ಕೆ ಮುನ್ನವೇ ದೋಣಿಯನ್ನು ಮೇಲೆತ್ತಿ, ಎಂಜಿನ್ನಿನೊಳಗಿನ ನೀರನ್ನೆಲ್ಲ ಬಸಿದು, ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿದು ಇಡಬೇಕಂತೆ. ಇಲ್ಲವಾದರೆ ಒಳಗುಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಕಬ್ಬಿಣವನ್ನೇ ಸೀಳಿಬಿಡುತ್ತದೆ. "ನಿಮಗೇನ್ರಿ ಮಾಮಾ, ನಿಮ್ಮ ಹೊಳಿ ಎಂದೂ ಗಡ್ಡೆ ಕಟ್ಟಂಗಿಲ್ಲ" ಎಂದು ಪ್ರತಿವರ್ಷ ದೂರವಾಣಿಯಲ್ಲಿ ಹಲುಬುತ್ತಾನೆ.

ನಮ್ಮ ಹರಿಗೋಲಿಗೂ ಒಂದು ಚಳಿಗಾಲವುಂಟು, ಅದು ಶ್ರಾವಣದಲ್ಲಿ ಬರುತ್ತದೆ ಎಂದು ನಾವು ಅವನಿಗೆ ಹೇಳುವುದುಂಟು. ಅದು ಮಂಜಿನದಲ್ಲ, ಮಹಾಪೂರದ ಚಳಿಗಾಲ. 2024ರಲ್ಲಿ ಬಂದದ್ದಂತೂ ನಮ್ಮ ನೆನಪಿನಲ್ಲಿಯೇ ಅತ್ಯಂತ ಕಠೋರವಾದದ್ದು.

ಹರಿಗೋಲಿನ ಮೇಲಣ ನಮ್ಮ ಮನೆಯವರ ಮೋಹ ಮೂರು ತಲೆಮಾರಿನದು. ಹಂಪಿಯ ತಳವಾರಘಟ್ಟದಿಂದ ಆನೆಗೊಂದಿಗೆ, ವಿರೂಪಾಕ್ಷನ ಗುಡಿಯ ಹಿಂದಿನ ಹೊಳೆಯಿಂದ ಕೋದಂಡರಾಮನ ಗುಡಿಯ ಎದುರಿನ ಚಕ್ರತೀರ್ಥದವರೆಗೆ, ಕಂಪ್ಲಿಯ ಕೋಟೆಯ ಬದಿಗೆ, ಹೀಗೆ ನಾವು ತಿರುಗದ ಮಡುವಿಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬುಟ್ಟಿಯಂತಹ ದುಂಡನೆಯ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ನೇರವಾಗಿ ಸಾಗಲಾರದೆ ಸುತ್ತುತ್ತಲೇ ಇರುತ್ತವೆ ಎಂಬುದು ಅವನ ಮಾತಿನ ಸಾರ. ಐದು ನೂರು ವರ್ಷಗಳಲ್ಲಿ ತೊಗಲು ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆಯೇ ವಿನಾ, ಸುತ್ತುವ ಗುಣ ಹೋಗಿಲ್ಲ! ಬಿದಿರನ್ನು ಸೀಳಿ, ನೆನೆಯಿಸಿ, ಬಾಗಿಸಿ ಹೆಣೆಯುವ ಕಾರ್ಯವನ್ನು ನೋಡುತ್ತ ಕುಳಿತರೆ ಮೇದಾರ ಕೇತಯ್ಯನವರೂ, ಹುಟ್ಟು ಹಿಡಿದು ನೀರಿಗಿಳಿದಾಗ ಅಂಬಿಗರ ಚೌಡಯ್ಯನವರೂ ನೆನಪಾಗದಿರರು. ಇಬ್ಬರು ಶರಣರ ಕಾಯಕಗಳು ಕೂಡಿದಲ್ಲದೆ ಒಂದು ಹರಿಗೋಲು ದಡದಿಂದ ದಡಕ್ಕೆ ಹೋಗಲಾರದಷ್ಟೆ.

ಹರಿಗೋಲಿಗೆ ತಳದಲ್ಲಿ ಏಣಿಲ್ಲ, ಮುಂದಿಲ್ಲ, ಹಿಂದಿಲ್ಲ. ಇದೇ ಅದರ ಗುಣ, ಇದೇ ಅದರ ದೋಷ. ಹಂಪಿಯ ಬಂಡೆಗಳ ನಡುವೆ ಮೊಣಕಾಲುದ್ದ ನೀರಿದ್ದರೂ ಅದು ತೇಲಿಹೋಗುತ್ತದೆ. ಮರದ ದೋಣಿಯಾದರೆ ತಳ ಒಡೆದುಕೊಂಡೀತು. ಆದರೆ ಹೊಳೆಗೆ ರಭಸ ಬಂದಿತೆಂದರೆ ಅದನ್ನು ಹಿಡಿದು ನಿಲ್ಲಿಸುವ ಅಂಗವೇ ಅದರಲ್ಲಿಲ್ಲ. ಬೇಸಿಗೆಯಲ್ಲಿ ನಾವು ಕುಳಿತು ಬುತ್ತಿ ಉಂಡ ಬಂಡೆಗಳೇ ಶ್ರಾವಣದಲ್ಲಿ ನೀರಿನಡಿ ಅಡಗಿ ಸುಳಿಗಳನ್ನೆಬ್ಬಿಸುತ್ತವೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್‌ಗೇಟುಗಳು ತೆರೆದವೆಂದರೆ ಕೆಲವೇ ತಾಸುಗಳಲ್ಲಿ ಹಂಪಿಯ ಹೊಳೆ ಬೇರೆಯದೇ ಹೊಳೆ. ಪುರಂದರ ಮಂಟಪದ ಕಂಬಗಳು ಎಷ್ಟು ಮುಳುಗಿವೆ ಎಂಬುದೇ ನಮಗೆ ಅಳತೆಗೋಲು. ದೊಡ್ಡ ಪೂರ ಬಂದಾಗ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆಯೇ ಮುಳುಗುವುದುಂಟು. ಆಗ ಜಿಲ್ಲಾಡಳಿತದವರು ದೋಣಿ, ಹರಿಗೋಲುಗಳನ್ನು ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೂ ಬಲ್ಲ ಅಂಬಿಗನು ನೀರಿಗಿಳಿಯನು.

ಇದು ಪ್ರತಿವರ್ಷದ ಪರಿಪಾಠ. 2023 ಬರಗಾಲದ ವರ್ಷವಾದ್ದರಿಂದ ಹೊಳೆ ಸೊರಗಿ, ಹರಿಗೋಲುಗಳು ಮರಳಿಗೆ ತಳ ತಾಗಿಸಿಕೊಂಡು ಕುಳಿತಿದ್ದವು. ಆದಕಾರಣ 2024ರ ಜುಲೈಯಲ್ಲಿ ಮಲೆನಾಡಿನ ಮಳೆ ಜಲಾಶಯವನ್ನು ತುಂಬಿದಾಗ ಎಲ್ಲರಿಗೂ ಹಿಗ್ಗು. ಪೂರ ಇಳಿಯಲಿ, ಹೊಳೆ ತಿಳಿಯಾಗಲಿ, ದಸರೆಗೆ ಮಕ್ಕಳನ್ನು ಕರೆದುಕೊಂಡು ಹೋಗೋಣವೆಂದು ನಾವು ದಿನವೆಣಿಸುತ್ತಿದ್ದೆವು. ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ನೀರನ್ನು ತಡೆದು ನಿಂತ ಕಟ್ಟೆಯ ಬಾಗಿಲೊಂದು ಹೀಗೆ ಇಲ್ಲವಾಯಿತೆಂಬ ಸುದ್ದಿಯನ್ನು ಬೆಳಗಾಗೆದ್ದು ಕೇಳಿದಾಗ ಮನೆಯಲ್ಲಿ ಯಾರಿಗೂ ಉಪಾಹಾರ ರುಚಿಸಲಿಲ್ಲ. ಒಡೆದ ಬಾಗಿಲಿನ ಮೇಲಣ ಒತ್ತಡ ತಗ್ಗಿಸುವುದಕ್ಕಾಗಿ ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕೂಡಿಟ್ಟ ಜಲರಾಶಿ ದಿನದಿಂದ ದಿನಕ್ಕೆ ನಮ್ಮ ಕಣ್ಣೆದುರಿಗೇ ಹರಿದುಹೋಯಿತು. ಆಗಷ್ಟೇ ನಾಟಿಯಾದ ಕಂಪ್ಲಿ, ಗಂಗಾವತಿಗಳ ಭತ್ತದ ಗದ್ದೆಗಳ ಗತಿಯೇನೆಂದು ರೈತರು ತಲೆಯ ಮೇಲೆ ಕೈ ಹೊತ್ತರು. ಅದರ ಮುಂದೆ ನಮ್ಮ ಹರಿಗೋಲಿನ ಚಿಂತೆಯನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ?

ಆ ವಾರದಲ್ಲಿಯೇ ಒಂದು ಪ್ರಸಂಗ ನಡೆಯಿತು. ಬೆಂಗಳೂರಿನಿಂದ ಬೀಗರ ಕಡೆಯ ಕೆಲವು ತರುಣರು ನಮ್ಮ ಮನೆಗೆ ಬಂದಿದ್ದರು. ಇಂತಹ ಹೊಳೆಯನ್ನು ಮತ್ತೆಂದೂ ಕಾಣೆವು, ನೀರಿನ ಮೇಲಿನಿಂದಲೇ ಒಮ್ಮೆ ನೋಡಿಬಿಡೋಣ ಎಂಬುದು ಅವರ ಹಂಬಲ. ನಮ್ಮೊಡನೆ ಬಹುಕಾಲದಿಂದ ಬಳಕೆಯಿರುವ ವೃದ್ಧ ಅಂಬಿಗರ ಮನೆಗೇ ಹೋಗಿ ಹತ್ತು ಪಟ್ಟು ಹಣ ಕೊಡುವೆವೆಂದರು. ತಿಂಗಳಿಂದ ದುಡಿಮೆಯಿಲ್ಲದ ಮನೆ. ಒಲೆಯ ಮೇಲೆ ಏನಿತ್ತೆಂಬುದನ್ನು ನಾವು ನೋಡದಂತೆ ನೋಡಿದೆವು. ಅಂಬಿಗರು ನಮ್ಮ ಕಡೆಗೊಮ್ಮೆ, ಆ ತರುಣರ ಕಡೆಗೊಮ್ಮೆ ನೋಡಿದರು. "ಹೊಳಿ ಈಗ ತನ್ನ ಮೈಮ್ಯಾಗ ತಾನಿಲ್ರೀ ಯಜಮಾನ್ರೆ. ರೊಕ್ಕ ಇಸ್ಕೊಂಡ್ರ ನಾಳೆ ನಿಮ್ಮ ಮುಖ ನೋಡೋದು ಹ್ಯಾಂಗ?" ಎಂದರು. ಅವರ ಪತ್ನಿ ಒಳಗಿನಿಂದ ಬೆಲ್ಲ, ನೀರು ತಂದಿಟ್ಟರು. ಮಾತು ಅಲ್ಲಿಗೆ ಮುಗಿಯಿತು.

ಅವರದು ಬರಿಯ ಅಂಜಿಕೆಯಲ್ಲ. 2019ರ ಆಗಸ್ಟ್‌ನ ಪೂರದಲ್ಲಿ ವಿರೂಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಲುಕಿದಾಗ, ಅವರನ್ನು ಕರೆತರುತ್ತಿದ್ದ ರಕ್ಷಣಾ ಪಡೆಯ ಯಂತ್ರದ ದೋಣಿಯೇ ಮಗುಚಿ, ಸೆಳೆತಕ್ಕೆ ಸಿಕ್ಕ ರಕ್ಷಕರನ್ನು ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ಎಂಜಿನ್ನಿದ್ದ ದೋಣಿಯ ಪಾಡೇ ಹಾಗಾದ ಮೇಲೆ ಒಂದು ಹುಟ್ಟಿನ ಹರಿಗೋಲಿನ ಪಾಡೇನು? ತರುಣರನ್ನು ನಾವು ಮಾತಂಗ ಪರ್ವತಕ್ಕೆ ಹತ್ತಿಸಿದೆವು. ಅಲ್ಲಿಂದ ಹೊಳೆಯೆಲ್ಲ ಕಾಣುತ್ತದೆ. ಒಂದು ತಾಸು ಯಾರೂ ಮಾತನಾಡಲಿಲ್ಲ.

ಹರಿಯುವ ನೀರಿನಲ್ಲಿಯೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಇಳಿಸುವ ಸಾಹಸವನ್ನು ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೈಗೊಂಡು, ಆಗಸ್ಟ್ 16 ಮತ್ತು 17ರಂದು ಆ ಬಾಗಿಲನ್ನು ಮುಚ್ಚಿದರು. ಹೊಸಪೇಟೆಯಲ್ಲಿ ಅಂದು ಹಬ್ಬದ ವಾತಾವರಣ. ಮಳೆಯೂ ಕೈಬಿಡಲಿಲ್ಲ, ಸೆಪ್ಟೆಂಬರ್‌ನಲ್ಲಿ ಜಲಾಶಯ ಮತ್ತೆ ಬಹುಪಾಲು ತುಂಬಿತು. ಆದರೆ ಅಂಬಿಗರಿಗೆ ಅದರರ್ಥ ಬೇರೆ: ಎರಡನೆಯ ಬಾರಿ ತುಂಬಿದ ಕಟ್ಟೆಯಿಂದ ಎರಡನೆಯ ಬಾರಿ ನೀರು ಹೊರಬರುತ್ತದೆ, ದಡವೇರಿದ ಹರಿಗೋಲು ದಡದಲ್ಲಿಯೇ.

ದಡದಲ್ಲಿಟ್ಟ ಹರಿಗೋಲನ್ನು ಕಾಯುವುದು ಕೂಸನ್ನು ಕಾಯುವಂತೆ. ನೀರಿನಲ್ಲಿದ್ದಾಗ ಅದಕ್ಕೆ ಆಪತ್ತು ಕಡಿಮೆ, ನೆಲದ ಮೇಲೆಯೇ ಹೆಚ್ಚು. ಬೋರಲು ಹಾಕಿ, ಅಂಚಿನಡಿ ಕಲ್ಲುಗಳನ್ನಿಟ್ಟು, ಗಾಳಿಯಾಡುವಂತೆ ಎತ್ತರಿಸಬೇಕು. ಬರಿಯ ನೆಲಕ್ಕೆ ತಾಗಿದರೆ ಗೆದ್ದಲು. ಹಸಿಯಾಗಿಯೇ ಮುಚ್ಚಿಟ್ಟರೆ ಬಿದಿರು ಕೊಳೆಯುತ್ತದೆ. ನೇರ ಬಿಸಿಲಿಗೆ ಬಿಟ್ಟರೆ ಡಾಂಬರು ಕರಗಿ ಇಳಿದು, ಬಿದಿರು ಒಣಗಿ ಬಿರಿಯುತ್ತದೆ. ಒಳಗೆ ಇಲಿ ಮನೆ ಮಾಡಿತೆಂದರೆ ಹಾಳೆಗೆ ತೂತು ಖಂಡಿತ. ಆದ್ದರಿಂದ ಮರದ ನೆರಳು, ಮೇಲೊಂದು ಗೋಣಿಯ ಹೊದಿಕೆ, ವಾರಕ್ಕೊಮ್ಮೆ ತಿರುಗಿಸಿ ನೋಡುವುದು. ಇದನ್ನೆಲ್ಲ ಅಕ್ಕನ ಮಗನಿಗೆ ವಿವರಿಸಿದಾಗ ಅವನು ನಕ್ಕು, ತನ್ನ ಹೊದಿಕೆಯೊಳಗೂ ಇಲಿಗಳು ಸೇರುತ್ತವೆಂದನು. ಇಲಿಗೆ ಮಿನ್ನೆಸೋಟವೂ ಒಂದೇ, ಹಂಪಿಯೂ ಒಂದೇ ಎಂದು ತೋರುತ್ತದೆ.

ಆದರೆ ಅವನ ಚಳಿಗಾಲಕ್ಕೂ ನಮ್ಮದಕ್ಕೂ ಒಂದು ಅಂತರವಿದೆ. ಸರೋವರ ಹೆಪ್ಪುಗಟ್ಟಿದರೆ ಅವನ ಸಂಬಳ ನಿಲ್ಲುವುದಿಲ್ಲ. ಹೊಳೆ ಉಕ್ಕಿದರೆ ನಮ್ಮ ಉದ್ಯೋಗವೂ ನಿಲ್ಲುವುದಿಲ್ಲ. ನಿಲ್ಲುವುದು ಹುಟ್ಟು ಹಿಡಿದ ಕೈಯ ಅನ್ನ. ಕಾಶ್ಮೀರದಲ್ಲಿ 2021ರ ಜನವರಿಯಲ್ಲಿ ದಾಲ್ ಸರೋವರ ಹೆಪ್ಪುಗಟ್ಟಿದಾಗ ಶಿಕಾರಾದ ಅಂಬಿಗರು ಹುಟ್ಟಿನಿಂದ ಮಂಜುಗಡ್ಡೆಯನ್ನು ಒಡೆಯುತ್ತ ದಾರಿ ಮಾಡಿಕೊಂಡರು. ಪೂರವನ್ನು ಹಾಗೆ ಒಡೆಯಲಾಗದು. ನಮ್ಮ ಅಂಬಿಗರ ಮಗನು 2024ರ ಭಾದ್ರಪದದಲ್ಲಿ ಸಂಡೂರಿಗೆ ಹೊರಟುಹೋದನು. ಅಲ್ಲಿ ಅದಿರಿನ ಲಾರಿಗೆ ಕ್ಲೀನರ್ ಕೆಲಸ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಇದೇ ಹುಡುಗನ ದೊಡ್ಡಪ್ಪನು ಗಣಿಯ ಕೆಲಸ ಕಳೆದುಕೊಂಡು ಹೊಳೆಗೆ ಮರಳಿದ್ದನು. ಗಣಿ ನಿಂತರೆ ಹೊಳೆ, ಹೊಳೆ ನಿಂತರೆ ಗಣಿ. ಆದರೆ ಹಿಂದಕ್ಕೆ ಬರುವವರ ಸಂಖ್ಯೆ ಪ್ರತಿ ಬಾರಿಯೂ ಕಡಿಮೆಯಾಗುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ನಾವೊಮ್ಮೆ ಕುಮಾರಸ್ವಾಮಿಯ ದರ್ಶನಕ್ಕೆ ಸಂಡೂರಿಗೆ ಹೋದಾಗ ಆ ಹುಡುಗ ಸಿಕ್ಕನು. ಮೈಯೆಲ್ಲ ಕೆಂಧೂಳು. ನಾರಿಹಳ್ಳದ ಜಲಾಶಯದ ಏರಿಯ ಮೇಲೆ ನಮ್ಮೊಡನೆ ಸ್ವಲ್ಪ ಹೊತ್ತು ನಿಂತು, ನೀರನ್ನೇ ದಿಟ್ಟಿಸುತ್ತ, "ಇಲ್ಲೊಂದು ಹರಿಗೋಲು ಬಿಟ್ರ ಚಂದ ನಿಲ್ತಿತ್ತು ನೋಡ್ರಿ" ಎಂದನು.

ಹೊಳೆ ತೆರೆಯುವವರೆಗೆ ಹೊಳೆಯ ಪ್ರೇಮಿಗಳು ಮಾಡಬೇಕಾದುದೇನೆಂಬ ಪ್ರಶ್ನೆ ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಎದ್ದಿತು. ಹಣವನ್ನು ಸುಮ್ಮನೆ ಕೊಟ್ಟರೆ ಅಂಬಿಗರು ಸ್ವೀಕರಿಸುವವರಲ್ಲ. ನಮ್ಮ ಮನೆಯಾಕೆಯೇ ಉಪಾಯ ಸೂಚಿಸಿದರು: ಕೆಲಸ ಕೊಡೋಣ. ಒಂದು ಹೊಸ ಹರಿಗೋಲನ್ನು ಹೆಣೆದುಕೊಡಿರೆಂದು ಮುಂಗಡ ಕೊಟ್ಟೆವು. ಬಿದಿರು ಬಂದಿತು. ಬಂಧುಗಳ ಇನ್ನೆರಡು ಮನೆಯವರೂ ಸೇರಿದರು; ಒಬ್ಬರು ಹಳೆಯ ಹರಿಗೋಲಿಗೆ ಹೊಸ ಹಾಳೆ ಹಾಕಿಸಿದರು, ಕಂಪ್ಲಿಯ ಬೀಗರು ಭತ್ತದ ಕಣಕ್ಕೆ ದೊಡ್ಡ ಬುಟ್ಟಿಗಳನ್ನು ಹೆಣೆಯಿಸಿಕೊಂಡರು. ಇದೇನೂ ದೊಡ್ಡ ಉಪಕಾರವಲ್ಲ. ಪ್ರವಾಸಕ್ಕೆಂದು ಎತ್ತಿಟ್ಟ ಹಣ ಹೇಗೂ ಮನೆಯಲ್ಲಿ ಉಳಿದಿತ್ತು. ಸಂಜೆಯ ಹೊತ್ತು ಮಕ್ಕಳು ಹೋಗಿ ಹೆಣಿಗೆ ನೋಡುತ್ತ ಕುಳಿತರು. ಹರಿಗೋಲಿನಲ್ಲಿ ನೂರು ಬಾರಿ ಕುಳಿತವರಿಗೂ ಅದರ ತಳದ ಹೆಣಿಗೆ ಎಲ್ಲಿಂದ ಆರಂಭವಾಗುತ್ತದೆಂಬುದು ತಿಳಿದದ್ದು ಆಗಲೇ.

ಹೊಳೆ ಇಳಿದು ತಿಳಿಯಾದಾಗ ಚಳಿಗಾಲ ಬಂದಿತ್ತು. ಒಂದು ಮುಂಜಾನೆ ಹೊಸ ಹರಿಗೋಲನ್ನು ನೀರಿಗಿಳಿಸಿದೆವು. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಿದ್ದಾರೆ. ಅಂದು ಬಂಡೆಯೊಂದರ ಮೇಲೆ ಮೂರು ನೀರುನಾಯಿಗಳು ಮೈ ಒರಗಿಸಿ ಬಿಸಿಲು ಕಾಯಿಸುತ್ತಿದ್ದವು. ಅಂಬಿಗರು ಹುಟ್ಟನ್ನು ಎತ್ತಿ ಹಿಡಿದು ಹರಿಗೋಲನ್ನು ತನ್ನಷ್ಟಕ್ಕೆ ಸುತ್ತಲು ಬಿಟ್ಟರು.

2025ರ ಮಳೆಗಾಲದಲ್ಲಿ ಸುರಕ್ಷತೆಯ ದೃಷ್ಟಿಯಿಂದ ಜಲಾಶಯದ ಸಂಗ್ರಹವನ್ನು 80 ಟಿಎಂಸಿಗೆ ಸೀಮಿತಗೊಳಿಸಿದರು. ಹೆಚ್ಚಾದ ನೀರನ್ನೆಲ್ಲ ಹೊಳೆಗೇ ಬಿಡಬೇಕಾದ್ದರಿಂದ ಹರಿಗೋಲುಗಳು ಮತ್ತೆ ಮರದ ನೆರಳು ಸೇರಿದವು. 33 ಗೇಟುಗಳನ್ನೂ ಬದಲಿಸಬೇಕಾದ ಕಾರಣ ಎರಡನೆಯ ಬೆಳೆಗೆ ನೀರಿಲ್ಲವೆಂದೂ ತೀರ್ಮಾನವಾಯಿತು. ಆ ಶ್ರಾವಣದಲ್ಲಿ ಮುಂಗಡ ಕೊಟ್ಟ ಮನೆಗಳು ಐದಾದವು. ಸಂಡೂರಿನ ಹುಡುಗನು ಗೌರಿ ಹುಣ್ಣಿಮೆಗೆ ಊರಿಗೆ ಬಂದವನು ನಾಲ್ಕು ದಿನ ಹೆಚ್ಚಾಗಿಯೇ ಉಳಿದು, ತಂದೆಯೊಡನೆ ಕುಳಿತು ಬಿದಿರು ಸೀಳಿದನೆಂದು ಕೇಳಿದೆವು. ಮರಳಿ ಲಾರಿಗೆ ಹೋಗುವಾಗ ಎರಡು ಹರಿಗೋಲುಗಳ ತಳ ಮುಗಿದಿತ್ತು, ಅಂಚು ಬಾಕಿಯಿತ್ತು.