ಅರಸು ಮೇಲಿನ ಅಭಿಮಾನ ಮತ್ತು ಆ ಜೈಲು

ಮೈಸೂರಿನಲ್ಲಿ ತುರ್ತು ಪರಿಸ್ಥಿತಿಯ ಮಾತೆತ್ತಿದರೆ ಹಿರಿಯರು ಸಾಮಾನ್ಯವಾಗಿ "ಆಗ ಆಫೀಸಿಗೆಲ್ಲ ಟೈಮಿಗೆ ಸರಿಯಾಗಿ ಬರೋರು ಕಣಪ್ಪ" ಅಂತಲೇ ಶುರು ಮಾಡ್ತಾರೆ. ನಮ್ಮ ಮನೇಲೂ ಅಷ್ಟೆ. ಆಗಿನ ಮುಖ್ಯಮಂತ್ರಿ ದೇವರಾಜ ಅರಸು ನಮ್ಮ ಪಕ್ಕದ ಹುಣಸೂರಿನವರು, ಉಳುವವನಿಗೆ ಭೂಮಿ ಕೊಡಿಸಿದವರು. ಅವರ ಮೇಲೆ ಅಭಿಮಾನ ನನಗೂ ಇದೆ. ಆದರೆ ಅದೇ ಅಭಿಮಾನದಲ್ಲಿ ಆಗ ಜೈಲಿಗೆ ಹೋದವರನ್ನ ಮರೆತೇಬಿಟ್ವೇನೋ ಅನ್ನಿಸುತ್ತೆ.

ಕ್ಷಿಪ್ರಕ್ರಾಂತಿ ಅಂದರೆ ಟ್ಯಾಂಕು, ಸೈನಿಕರು ಅಂತ ನಮ್ಮ ಕಲ್ಪನೆ. ಪಾಕಿಸ್ತಾನದಲ್ಲಿ 1977ರಲ್ಲಿ ಜಿಯಾ ಮಾಡಿದ್ದು ಹಾಗೇ. ಇಲ್ಲಿ ಸೈನ್ಯವೇ ಬೇಕಾಗಲಿಲ್ಲ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿಗಳದ್ದೊಂದು ಸಹಿ ಬಿತ್ತು, ಮಾರನೇ ದಿನ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನ. ಅವರು ಅಲ್ಲಿಗೆ ಬಂದಿದ್ದು ಯಾಕೆ ಗೊತ್ತಾ? ಪಕ್ಷಾಂತರ ತಡೆಯೋ ಮಸೂದೆಯ ಸಂಸದೀಯ ಸಮಿತಿ ಸಭೆಗೆ! ರಾಜ್ಯದಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ದೇವೇಗೌಡರೂ ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿದರು. ಮೀಸಾ ಕಾಯ್ದೆ ಇತ್ತಲ್ಲ, ಯಾಕೆ ಹಿಡಿದರು ಅಂತ ಹೇಳಬೇಕಾದ ಅಗತ್ಯವೂ ಇರಲಿಲ್ಲ. ಪತ್ರಿಕೆಗಳಿಗೆ ಸೆನ್ಸಾರು.

'ಸಂಸ್ಕಾರ' ಸಿನಿಮಾದ ಚಂದ್ರಿ ನೆನಪಿದ್ದಾಳಾ? ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಎಂಟು ತಿಂಗಳು ಇದ್ದರು. ಆಸ್ತಮಾ ಬೇರೆ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನಕ್ಕೆ ತೀರಿಕೊಂಡರು. ಅರಸು ಸರ್ಕಾರದ ಜೈಲು ಅದು. ಇದನ್ನ ಹೇಳಿದರೆ ನಮ್ಮೂರಲ್ಲಿ ಕೆಲವರಿಗೆ ಬೇಜಾರಾಗುತ್ತೆ, ಆಗಲಿ.

ಪಕ್ಕದ ತಮಿಳುನಾಡಿನಲ್ಲಿ ವಿರೋಧ ಪಕ್ಷವೇ ಸರ್ಕಾರ ನಡೆಸ್ತಿತ್ತು. ಅಲ್ಲಿ ಬೇರೆ ದಾರಿ: 1976ರ ಜನವರಿ 31ಕ್ಕೆ ಕರುಣಾನಿಧಿ ಸರ್ಕಾರವನ್ನೇ ವಜಾ ಮಾಡಿದರು. 356ನೇ ವಿಧಿ.

ತಮಾಷೆ ನೋಡಿ, ಮುಂದಿನ ವರ್ಷ ಗೆದ್ದು ಬಂದ ಜನತಾ ಸರ್ಕಾರವೂ ಅದೇ ವಿಧಿ ಹಿಡಿದು ಒಂಬತ್ತು ಕಾಂಗ್ರೆಸ್ ರಾಜ್ಯಗಳನ್ನ ಉರುಳಿಸಿತು. 28ರಲ್ಲಿ 26 ಲೋಕಸಭಾ ಸೀಟು ಕಾಂಗ್ರೆಸ್ಸಿಗೆ ಕೊಟ್ಟಿದ್ದ ಕರ್ನಾಟಕ ಆಗ ಉಳೀತು, ಆದರೆ ಡಿಸೆಂಬರ್ 31ಕ್ಕೆ ಅರಸು ಸರ್ಕಾರವೂ ಹೋಯ್ತು. ಎರಡೇ ತಿಂಗಳಲ್ಲಿ ಜನ ಮತ್ತೆ ಅವರನ್ನೇ ಆರಿಸಿದರು. 1989ರಲ್ಲಿ ಬೊಮ್ಮಾಯಿ ಸರದಿ. ಅವರು ಕೋರ್ಟಿಗೆ ಹೋದರು, ಬಹುಮತದ ಲೆಕ್ಕ ಸದನದಲ್ಲೇ ಆಗಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1994ರಲ್ಲಿ.

ಆ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕು. ನಿಮ್ಮೂರಲ್ಲಿ ಮೀಸಾದಲ್ಲಿ ಒಳಗೆ ಹೋಗಿ ಬಂದವರು ಇನ್ನೂ ಇದ್ದರೆ ಒಂದ್ಸಲ ಕೂತು ಮಾತಾಡಿಸಿ, ಬರೆದಿಡಿ. ಎಲ್ಲರಿಗೂ ವಯಸ್ಸಾಯ್ತು.