ಏಕನಕ್ಷತ್ರ

ಎರಡು ಜಾತಕಗಳೂ ಮೇಜಿನ ಮೇಲೆ ಬಿಚ್ಚಿಕೊಂಡಿದ್ದವು. ಹುಡುಗನದು ಚಿತ್ತಾ ನಕ್ಷತ್ರ; ಹುಡುಗಿಯದೂ ಚಿತ್ತಾ. ವಿದ್ಯೆ, ಉದ್ಯೋಗ, ಮನೆತನ ಎಲ್ಲವೂ ಒಪ್ಪಿಗೆಯಾಗಿ, ಹುಡುಗ ಹುಡುಗಿಯರು ಪರಸ್ಪರ ಮೆಚ್ಚಿದ ಮೇಲೆ ಈ ತೊಡಕು ತಲೆಯೆತ್ತಿತ್ತು. ಪಾದ ಬೇರೆಯಾದರೆ ದೋಷವಿಲ್ಲವೆಂದು ಒಬ್ಬ ಜೋಯಿಸರು ಹೇಳಿದರು. ಏಕನಕ್ಷತ್ರ ಬೇಡವೇ ಬೇಡವೆಂದು ಇನ್ನೊಬ್ಬರು ತಲೆಯಾಡಿಸಿದರು. ರಾಯರ ತಾಯಿಗೆ ಹಿಡಿಸಿದ್ದು ಎರಡನೆಯವರ ಮಾತು. ಬೇಡವೆನ್ನುವವರ ಮಾತಿಗೆ ಎಂದಿಗೂ ತೂಕ ಹೆಚ್ಚು.

“ಅಪ್ಪ, ಆ ಚಿತ್ತೆ ಎಲ್ಲಿದೆ? ಒಂದು ಸಲ ತೋರಿಸಿ” ಎಂದಳು ಮಗಳು.

ರಾಯರು ನಿರುತ್ತರರಾದರು. 24 ವರ್ಷಗಳಿಂದ ಮಗಳ ಹೆಸರಿನ ಅರ್ಚನೆಗೆ ನಕ್ಷತ್ರ ಹೇಳುತ್ತ ಬಂದವರು ಅವರೇ. ಹಳ್ಳಿಯಲ್ಲಿದ್ದಾಗ ಚಿತ್ತೆಯ ಮಳೆಯಲ್ಲಿ ನೆನೆದದ್ದೂ ಉಂಟು. (ಅಕ್ಟೋಬರಿನ ಆ ದಿನಗಳಲ್ಲಿ ಸೂರ್ಯನು ಚಿತ್ತೆಯ ಬಳಿಯೇ ಇರುವುದರಿಂದ, ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆಗ ಕಣ್ಣಿಗೆ ಬೀಳುವುದೇ ಇಲ್ಲ.) ನಕ್ಷತ್ರವನ್ನು ಮಾತ್ರ ಅವರು ಗುರುತಿಸಿ ನೋಡಿರಲಿಲ್ಲ.

ಆ ನಾಚಿಕೆಯೇ ಅವರನ್ನು ಗ್ರಂಥಾಲಯಕ್ಕೆ ಅಟ್ಟಿತು. ಅಲ್ಲಿ ತಿಳಿದ ಸಂಗತಿ ಅವರನ್ನು ಕುರ್ಚಿಯಿಂದ ಎಬ್ಬಿಸುವಂತಿತ್ತು: ಚಿತ್ತೆ ಒಂದಲ್ಲ, ಎರಡು! ಸಾಮಾನ್ಯ ದೂರದರ್ಶಕಕ್ಕೂ ಅದು ಒಂದೇ ಚುಕ್ಕೆ. ಆದರೆ 1890ರಲ್ಲಿ ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಹರ್ಮನ್ ಫೋಗೆಲ್ ಎಂಬ ವಿಜ್ಞಾನಿ ಅದರ ಬೆಳಕನ್ನು ಬಣ್ಣಬಣ್ಣದ ಪಟ್ಟಿಯಾಗಿ ಬಿಡಿಸಿ ನೋಡಿದಾಗ, ಪಟ್ಟಿಯೊಳಗಿನ ಕಪ್ಪು ಗೆರೆಗಳು ಒಮ್ಮೆ ನೀಲಿಯ ಕಡೆಗೂ ಒಮ್ಮೆ ಕೆಂಪಿನ ಕಡೆಗೂ ತೂಗಾಡುತ್ತಿದ್ದವು. ನಕ್ಷತ್ರ ನಮ್ಮತ್ತ ಬರುತ್ತ, ಮತ್ತೆ ದೂರ ಸರಿಯುತ್ತ ಇದೆಯೆಂದಾಯಿತು. ಕಾಣದ ಸಂಗಾತಿಯೊಂದು ಅದನ್ನು ಸುತ್ತಿಸುತ್ತಿದೆಯೆಂದೂ ಆಯಿತು. ಒಂದು ಸುತ್ತಿಗೆ ನಾಲ್ಕು ದಿನ ಮಾತ್ರ. ನೀಲಗಿರಿಯ ಅರವಂಕಾಡಿನಲ್ಲಿ 1916ರಲ್ಲಿ ಹುಟ್ಟಿದ ಹ್ಯಾನ್ಬರಿ ಬ್ರೌನ್ ಮತ್ತು ಅವರ ಸಂಗಡಿಗರು, 1960ರ ದಶಕದಲ್ಲಿ ಆಸ್ಟ್ರೇಲಿಯದ ನರಾಬ್ರಿಯಲ್ಲಿ 188 ಮೀಟರ್ ಅಡ್ಡಳತೆಯ ದುಂಡನೆಯ ಕಂಬಿಯ ಮೇಲೆ ಎರಡು ಭಾರೀ ಕನ್ನಡಿಗಳನ್ನು ಓಡಾಡಿಸಿ ಈ ಜೋಡಿಯ ಅಳತೆಗೆ ಕೈಹಾಕಿದರು.

ಅಮ್ಮನಿಗೆ ಹೇಳಬೇಕಾದ ಮಾತನ್ನು ರಾಯರು ಮನಸ್ಸಿನಲ್ಲಿಯೇ ಜೋಡಿಸಿಕೊಂಡರು. ಒಂದೇ ನಕ್ಷತ್ರದಲ್ಲಿ ಇಬ್ಬರು ಬಾಳಬಾರದೆನ್ನಲು, ಆ ನಕ್ಷತ್ರವೇ ಇಬ್ಬರ ಸಂಸಾರವಲ್ಲವೇ?

ಆದರೆ ಪುಸ್ತಕ ಅಲ್ಲಿಗೆ ಮುಗಿದಿರಲಿಲ್ಲ. ಇಬ್ಬರ ನಡುವಣ ಅಂತರ ಸುಮಾರು 1.8 ಕೋಟಿ ಕಿಲೋಮೀಟರ್. ಸೂರ್ಯನಿಗೂ ಬುಧನಿಗೂ ಇರುವ ದೂರದ ಮೂರನೆಯ ಒಂದು ಪಾಲೂ ಇಲ್ಲ. ಈ ಅತಿಸಾಮೀಪ್ಯದಲ್ಲಿ ಪರಸ್ಪರ ಸೆಳೆತಕ್ಕೆ ಸಿಕ್ಕಿ ಎರಡೂ ಮೊಟ್ಟೆಯ ಆಕಾರಕ್ಕೆ ಎಳೆದುಕೊಂಡಿವೆ. ದೊಡ್ಡದರ ತೂಕ ಸೂರ್ಯನ 11ರಷ್ಟು, ಚಿಕ್ಕದರದು 7ರಷ್ಟು. ದೊಡ್ಡದರ ಮೈಶಾಖ ಸುಮಾರು 25,000 ಡಿಗ್ರಿ, ಸೂರ್ಯನದು 5,500. ಕಮ್ಮಾರನ ಕುಲುಮೆಯಲ್ಲಿ ಕೆಂಪಾದ ಕಬ್ಬಿಣ ಇನ್ನಷ್ಟು ಕಾದರೆ ಬೆಳ್ಳಗಾಗುವಂತೆ, ಅದನ್ನೂ ಮೀರಿ ಕಾದ ನಕ್ಷತ್ರಕ್ಕೆ ನೀಲಿಯ ಛಾಯೆ. ಆ ನೀಲಿ ದುಂದುಗಾರಿಕೆಯ ಬಣ್ಣ. ಸೂರ್ಯ ಸುಮಾರು 1,000 ಕೋಟಿ ವರ್ಷ ಉರಿಯುವವನು. ಇವುಗಳ ಆಯುಸ್ಸು ಕೆಲವೇ ಕೋಟಿ. ದೊಡ್ಡದು ಮೊದಲು ಉಬ್ಬಿ, ಕೊನೆಗೆ ಸಿಡಿದುಹೋಗುವ ಸಂಭವವುಂಟು.

ತಾವು ಕರೆತಂದ ಸಾಕ್ಷಿಯೇ ಎದುರುಪಕ್ಷದ ಪರವಾಗಿ ನುಡಿದಂತಾಯಿತು. ಅರ್ಧ ಹೇಳಿ ಅರ್ಧ ಮುಚ್ಚಿಡೋಣವೆಂದು ರಾಯರು ಯೋಚಿಸಿದರು, ಮನಸ್ಸು ಒಪ್ಪಲಿಲ್ಲ.

ಚೈತ್ರದ ಹುಣ್ಣಿಮೆಗೆ ಇನ್ನೂ ವಾರವಿತ್ತು. ಹುಣ್ಣಿಮೆಯ ಚಂದ್ರ ಚಿತ್ತೆಯ ಸಮೀಪ ಬರುವುದರಿಂದಲೇ ಆ ಮಾಸಕ್ಕೆ ಆ ಹೆಸರು. ರಾತ್ರಿ ಊಟವಾದ ಮೇಲೆ ಮೂವರೂ ತಾರಸಿಗೆ ಹೋದರು. ಸಪ್ತರ್ಷಿಗಳ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಮೊದಲು ಹೊಂಬಣ್ಣದ ಸ್ವಾತಿ, ಆಮೇಲೆ ಚಿತ್ತೆ. ಬೆಳ್ಳಗೆ, ತುಸು ನೀಲಿಯಾಗಿ. ಸುಮಾರು 250 ವರ್ಷಗಳ ಹಿಂದೆ, ಹೈದರಾಲಿಯ ಕಾಲದಲ್ಲಿ ಹೊರಟ ಬೆಳಕು ಅದು. ಮಗಳು ಬಹಳ ಹೊತ್ತು ಮಾತಾಡಲಿಲ್ಲ.

“ಒಂದೇ ಕಾಣುತ್ತಲ್ಲೋ” ಎಂದರು ಅಜ್ಜಿ.

ರಾಯರು ಎಲ್ಲವನ್ನೂ ಹೇಳಿದರು, ಸಿಡಿಯುವುದನ್ನೂ ಬಿಡಲಿಲ್ಲ.

“ಅದು ಯಾವಾಗ?”

“ಇನ್ನು ಹತ್ತಾರು ಲಕ್ಷ ವರ್ಷಕ್ಕಮ್ಮ.”

ಅಜ್ಜಿ ಸೆರಗನ್ನು ಹೊದ್ದುಕೊಂಡು ಇನ್ನೊಮ್ಮೆ ಮೇಲೆ ನೋಡಿದರು. ಮೆಟ್ಟಿಲ ಬಳಿ ನಿಂತು ಕೇಳಿದರು:

“ಆ ಹುಡುಗನದು ಯಾವ ಪಾದ ಅಂದೆ?”