ಬೊಂಡನ ಇಪ್ಪತ್ತು ಹಲ್ಲು

ನಮ್ಮ ಮನೆಯ ಗಿನಿ ಪಿಗ್‌ನ ಹೆಸರು ಬೊಂಡ. ಗೆಂದಾಳಿ ಬೊಂಡದ ಬಣ್ಣ, ಹೆಚ್ಚುಕಡಿಮೆ ಅದೇ ಆಕಾರ, ಹಾಗಾಗಿ ತಂಗಿ ಆ ಹೆಸರಿಟ್ಟಳು. ಕೊಟ್ಟಾರದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರು ದುಬೈಗೆ ಹೊರಟಾಗ ಗೂಡು ಸಮೇತ ನಮ್ಮಲ್ಲಿಗೆ ಬಂದವನು. ಬರುವಾಗ ಅವನಿಗೆ ಮೂರು ವರ್ಷ, ತೂಕ 910 ಗ್ರಾಂ. ಕಳೆದ ಮಳೆಗಾಲದಲ್ಲಿ ಮೂರೇ ವಾರದಲ್ಲಿ ಅದು 790ಕ್ಕೆ ಇಳಿಯಿತು. 120 ಗ್ರಾಂ ಅಂದ್ರೆ ನಮಗೆಲ್ಲ ಒಂದು ಪ್ಲೇಟ್ ಗೋಳಿಬಜೆ. ಅವನಿಗೆ ಅದು ಇಡೀ ದೇಹದ ಶೇಕಡಾ 13. ಲೆಕ್ಕ ಹಾಕಿ ನೋಡಿ, 60 ಕೆ.ಜಿ.ಯ ಹುಡುಗನೊಬ್ಬ ಮೂರು ವಾರದಲ್ಲಿ 8 ಕೆ.ಜಿ. ಇಳಿದ ಹಾಗೆ.

ಕ್ಯಾಂಪಸ್‌ನಲ್ಲಿ ಈ ಕತೆ ಹೇಳಿದಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: "ಎಂತ ಮಾರಾಯ, ಇಲಿಗೆ ಹಲ್ಲಿನ ಡಾಕ್ಟ್ರಾ?" ನಗುವವರು ನಗಲಿ. ಆದರೆ ಪಿ.ಜಿ.ಗಳಲ್ಲಿ, ರೂಮುಗಳಲ್ಲಿ ಗುಟ್ಟಾಗಿ ಗಿನಿ ಪಿಗ್, ಮೊಲ ಸಾಕುವವರು ನಮ್ಮಲ್ಲೇ ಕೆಲವರು ಇದ್ದಾರೆ ಅಂತ ನನಗೆ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಳಿದವರು ಇದನ್ನೊಂದು ಮೆಕ್ಯಾನಿಕಲ್ ಪ್ರಾಬ್ಲಮ್ ಅಂತ ಓದಿಕೊಳ್ಳಬಹುದು, ಯಾಕೆಂದರೆ ಅದು ನಿಜವಾಗಿಯೂ ಅದೇ.

ತೂಕ ಇಳಿದದ್ದು ಗೊತ್ತಾದದ್ದು ತಂಗಿಯ ದೆಸೆಯಿಂದ. ಪ್ರತಿ ಭಾನುವಾರ ಬೆಳಿಗ್ಗೆ ಅವಳು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಸ್ಟೀಲ್ ಡಬ್ಬಿ ಇಟ್ಟು, ಅದರೊಳಗೆ ಅವನನ್ನು ಕೂರಿಸಿ ಬರೆದಿಡುತ್ತಾಳೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಉದ್ದ ಕೂದಲಿನ ಪ್ರಾಣಿ, ಒಳಗೆ ಸೊರಗಿದರೂ ಹೊರಗಿನಿಂದ ಉರುಟಾಗಿಯೇ ಇರುತ್ತದೆ. ಬೇಟೆಯಾಗುವ ಪ್ರಾಣಿಗಳ ಗುಣ ಅದು, ನೋವನ್ನು ಹೇಳಿಕೊಳ್ಳುವುದಿಲ್ಲ. ಸೌತೆಕಾಯಿ ಕೊಯ್ಯುವ ಶಬ್ದಕ್ಕೆ ಮೊದಲಿನ ಹಾಗೆಯೇ 'ವೀಕ್ ವೀಕ್' ಅಂತ ಕೂಗಿ ಓಡಿ ಬರುತ್ತಿದ್ದ. ತುಂಡನ್ನು ಬಾಯಿಗೆ ಹಾಕಿಕೊಂಡು ಎರಡು ಸಲ ಜಗಿದು ಕೆಳಗೆ ಬೀಳಿಸುತ್ತಿದ್ದ. ಮತ್ತೆ ಎತ್ತುತ್ತಿದ್ದ, ಮತ್ತೆ ಬೀಳಿಸುತ್ತಿದ್ದ. ಹುಲ್ಲನ್ನಂತೂ ಮೂಸಿ ಬಿಡುತ್ತಿದ್ದ. ಗದ್ದದ ಕೆಳಗೆ ಕೂದಲು ಸದಾ ಒದ್ದೆ. ಹಿಕ್ಕೆ ಸಣ್ಣದಾಗಿತ್ತು. ಹಸಿವು ಇತ್ತು, ತಿನ್ನಲಿಕ್ಕೆ ಆಗುತ್ತಿರಲಿಲ್ಲ.

ಮೊದಲು ಹೋದ ಕ್ಲಿನಿಕ್‌ನಲ್ಲಿ ತುಟಿ ಎತ್ತಿ ನೋಡಿ "ಹಲ್ಲು ಸರಿ ಉಂಟು" ಅಂದರು. ಎದುರಿನ ನಾಲ್ಕು ಹಲ್ಲು ಸರಿಯೇ ಇತ್ತು. ಆದರೆ ಗಿನಿ ಪಿಗ್‌ಗೆ ಇರುವುದು ಒಟ್ಟು 20 ಹಲ್ಲು. ಎದುರಿಗೆ ಮೇಲೆ ಎರಡು, ಕೆಳಗೆ ಎರಡು. ಉಳಿದ 16 ದವಡೆ ಹಲ್ಲುಗಳು ಬಾಯಿಯ ತುಂಬ ಹಿಂದೆ, ಕೆನ್ನೆಯ ಮಡಿಕೆಗಳ ಮರೆಯಲ್ಲಿ ಇರುತ್ತವೆ. ಬಾಯಿಯೋ ಬಹಳ ಇಕ್ಕಟ್ಟು, ಬೆರಳು ಹೋಗುವುದಿಲ್ಲ. ಎರಡನೇ ಕ್ಲಿನಿಕ್‌ನ ಡಾಕ್ಟ್ರು ಕಿವಿ ನೋಡುವ ಲೈಟಿನ ಉಪಕರಣವನ್ನು ಬಾಯಿಯ ಬದಿಯಿಂದ ಒಳಗೆ ತೂರಿಸಿ ನೋಡಿದರು. ಕೆಳಗಿನ ದವಡೆ ಹಲ್ಲುಗಳು ಎರಡೂ ಬದಿಯಿಂದ ಒಳಕ್ಕೆ ಬಾಗಿ ನಾಲಿಗೆಯ ಮೇಲೆ ಸೇತುವೆಯ ಹಾಗೆ ಬೆಳೆಯುತ್ತಿದ್ದವು. ನಾಲಿಗೆ ಅದರ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ನಾಲಿಗೆ ಆಡದಿದ್ದರೆ ಅನ್ನ ಒಳಗೆ ಹೋಗುವುದು ಹೇಗೆ?

ಇದು ಯಾಕೆ ಹೀಗಾಗುತ್ತದೆ ಅಂತ ಡಾಕ್ಟ್ರು ಒಂದು ಹಾಳೆಯಲ್ಲಿ ಚಿತ್ರ ಬಿಡಿಸಿ ತೋರಿಸಿದರು. ನಮ್ಮ ಹಲ್ಲು ಒಮ್ಮೆ ಬಂದರೆ ಮುಗಿಯಿತು. ಗಿನಿ ಪಿಗ್‌ನ ಇಪ್ಪತ್ತೂ ಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಅದರ ಊಟ ಹುಲ್ಲು. ಹುಲ್ಲಿನಲ್ಲಿ ಸಿಲಿಕಾ ಇದೆ. ಅದನ್ನು ಗಂಟೆಗಟ್ಟಲೆ ಅರೆಯುವಾಗ ಹಲ್ಲು ಸವೆಯುತ್ತದೆ. ಬೆಳವಣಿಗೆಯ ವೇಗ ಮತ್ತು ಸವೆತದ ವೇಗ ಸಮ ಇದ್ದರೆ ಹಲ್ಲಿನ ಉದ್ದ ಅಷ್ಟೇ ಇರುತ್ತದೆ. ನಮ್ಮ ಭಾಷೆಯಲ್ಲಿ ಸ್ಟೆಡಿ ಸ್ಟೇಟ್. ಮೇಲಿನ ಮತ್ತು ಕೆಳಗಿನ ದವಡೆ ಹಲ್ಲುಗಳು ಸೇರುವ ಮೇಲ್ಮೈ ಸಮತಟ್ಟಲ್ಲ, ಸುಮಾರು 30 ಡಿಗ್ರಿ ಓರೆ. ಕೆಳದವಡೆ ಹೆಚ್ಚಾಗಿ ಹಿಂದೆ ಮುಂದೆ ಜಾರುತ್ತಾ ಅರೆಯುತ್ತದೆ. ಹುಲ್ಲು ಜಗಿಯುವಾಗ ಈ ಓಟ ಉದ್ದ, ಹಲ್ಲಿನ ಇಡೀ ಮೇಲ್ಮೈ ಉಜ್ಜುತ್ತದೆ. ಪೆಲೆಟ್, ಬಿಸ್ಕತ್ತು, ಚಪಾತಿ ಇಂಥದ್ದು ಕೊಟ್ಟರೆ ಒಮ್ಮೆ ಜಜ್ಜಿದರೆ ಸಾಕು, ಪುಡಿಯಾಗುತ್ತದೆ. ಹೊಟ್ಟೆ ತುಂಬುತ್ತದೆ, ಹಲ್ಲು ಸವೆಯುವುದಿಲ್ಲ.

ಆಮೇಲೆ ಶುರುವಾಗುವುದು ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದುವ ಪಾಸಿಟಿವ್ ಫೀಡ್‌ಬ್ಯಾಕ್. ಹಲ್ಲು ಸ್ವಲ್ಪ ಉದ್ದವಾಯಿತು, ಕೆಳಗಿನದು ಒಳಕ್ಕೆ ಬಾಗಿ ನಾಲಿಗೆಗೆ, ಮೇಲಿನದು ಹೊರಕ್ಕೆ ಬಾಗಿ ಕೆನ್ನೆಗೆ ಚುಚ್ಚಿತು. ನೋವಾಯಿತು, ಗಟ್ಟಿ ಹುಲ್ಲು ಬಿಟ್ಟು ಮೆತ್ತಗಿನದ್ದು ಆರಿಸಿ ತಿಂದ. ಸವೆತ ಇನ್ನೂ ಕಡಿಮೆಯಾಯಿತು, ಹಲ್ಲು ಇನ್ನೂ ಉದ್ದವಾಯಿತು. ಔಟ್‌ಪುಟ್ ತನ್ನನ್ನೇ ತಾನು ದೊಡ್ಡದು ಮಾಡಿಕೊಳ್ಳುವ ಲೂಪ್. ಮೇಲೆ ಜಾಗ ಸಿಗದ ಹಲ್ಲು ಕೆಳಗೂ ಬೆಳೆಯುತ್ತದೆ; ಬೇರು ದವಡೆಯ ಮೂಳೆಯೊಳಗೆ ಇಳಿಯುತ್ತದೆ. ಕೆಳದವಡೆಯ ಅಂಚನ್ನು ಬೆರಳಿನಿಂದ ಸವರಿದರೆ ಗಂಟು ಗಂಟು ಸಿಗುವುದು ಅದಕ್ಕೇ. ಬೊಂಡನ ಎಕ್ಸ್-ರೇಯಲ್ಲಿ ಬೇರು ಅಷ್ಟು ಕೆಟ್ಟಿರಲಿಲ್ಲ. ಆಹಾರ ಒಂದೇ ಕಾರಣ ಅಲ್ಲ, ಕೆಲವಕ್ಕೆ ದವಡೆಯ ರಚನೆಯೇ ಹುಟ್ಟಿನಿಂದ ಹಾಗೆ ಇರುತ್ತದೆ ಅಂತಲೂ ಡಾಕ್ಟ್ರು ಹೇಳಿದರು.

ಇನ್ನೊಂದು ಕಾರಣ ವಿಟಮಿನ್ ಸಿ. ನಾಯಿ, ಬೆಕ್ಕು, ಹಸು, ಇಲಿ ಎಲ್ಲವೂ ಅದನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಆಗದವರ ಸಣ್ಣ ಪಟ್ಟಿಯಲ್ಲಿ ಮನುಷ್ಯನೂ ಗಿನಿ ಪಿಗ್ಗೂ ಒಟ್ಟಿಗೆ ಇದ್ದಾರೆ. ಇಬ್ಬರಲ್ಲೂ ಅದಕ್ಕೆ ಬೇಕಾದ ಕೊನೆಯ ಕಿಣ್ವ ಇಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬಿಬ್ಬರು ಗಿನಿ ಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಹಡಗಿನ ನಾವಿಕರಿಗೆ ಬರುವ ಸ್ಕರ್ವಿಯೇ ಬಂತು. ಆ ರೋಗಕ್ಕೆ ಆಹಾರವೇ ಕಾರಣ ಅಂತ ತೋರಿಸಲು ಸಾಧ್ಯವಾದದ್ದು ಈ ಪ್ರಾಣಿಯಿಂದ. ವಿಟಮಿನ್ ಸಿ ಕಡಿಮೆಯಾದರೆ ಕೊಲಾಜನ್ ಸರಿಯಾಗಿ ಆಗುವುದಿಲ್ಲ, ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರು ಸಡಿಲವಾಗುತ್ತದೆ, ಹಲ್ಲು ವಾಲುತ್ತದೆ. ಪೆಲೆಟ್ ಪ್ಯಾಕೆಟ್ ಮೇಲೆ 'ವಿಟಮಿನ್ ಸಿ ಸೇರಿಸಿದೆ' ಅಂತ ಇದ್ದರೂ ಬಿಸಿಗೆ, ತೇವಕ್ಕೆ, ದಿನ ಕಳೆದ ಹಾಗೆ ಅದು ಹಾಳಾಗುತ್ತಾ ಹೋಗುತ್ತದೆ. ನಮ್ಮ ಮಂಗಳೂರಿನ ಸೆಕೆಯಲ್ಲಿ ಕೇಳುವುದೇ ಬೇಡ. ಹಾಗಾಗಿ ಈಗ ದಿನಾ ಒಂದು ತುಂಡು ದೊಣ್ಣೆಮೆಣಸು, ಕೊತ್ತಂಬರಿ ಸೊಪ್ಪು, ಆಗಾಗ ಪೇರಳೆ. ಹಿತ್ತಿಲಿನ ಬಸಳೆ, ಹರಿವೆ ದಿನಾ ಕೊಡುವುದಿಲ್ಲ, ಅದರಲ್ಲಿ ಆಕ್ಸಲೇಟ್ ಜಾಸ್ತಿ, ಮೂತ್ರದ ಕಲ್ಲಿನ ಭಯ.

ಚಿಕಿತ್ಸೆ ಅಂದರೆ ಹಲ್ಲನ್ನು ಅರೆದು ಮೊದಲಿನ ಉದ್ದಕ್ಕೆ ತರುವುದು. ಗ್ಯಾಸ್ ಕೊಟ್ಟು ಮಲಗಿಸಿ, ಬಾಯಿ ತೆರೆದಿಡುವ ಸಣ್ಣ ಚೌಕಟ್ಟು ಸಿಕ್ಕಿಸಿ, ತಿರುಗುವ ಬರ್‌ನಿಂದ ಸೇತುವೆಯನ್ನು ತೆಗೆದರು. ಕಟರ್‌ನಿಂದ ಕತ್ತರಿಸಿದರೆ ಹಲ್ಲು ಉದ್ದಕ್ಕೆ ಸೀಳಬಹುದು, ಅದು ಬೇರಿನ ತನಕ ಹೋಗಬಹುದು. ಹಾಗಾಗಿ ಉಗುರು ಕಟರ್ ಹಿಡಿದು ಮನೆಯಲ್ಲಿ ಪ್ರಯೋಗ ಮಾಡುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ನಮಗೆ ಆಪರೇಷನ್ ಇದ್ದರೆ ಹಿಂದಿನ ರಾತ್ರಿಯಿಂದ ಉಪವಾಸ; ಗಿನಿ ಪಿಗ್‌ಗೆ ಹಾಗೆ ಮಾಡಬಾರದು. ಅದು ವಾಂತಿ ಮಾಡುವುದಿಲ್ಲ, ಆದರೆ ಕರುಳು ಖಾಲಿಯಾಗಿ ನಿಂತರೆ ಮತ್ತೆ ಚಾಲೂ ಮಾಡುವುದು ಬಹಳ ಕಷ್ಟ. ಹಲ್ಲಿನ ತೊಂದರೆಯಿಂದ ಸಾಯುವ ಗಿನಿ ಪಿಗ್‌ಗಳು ಹಲವು ಸಲ ಸಾಯುವುದು ಹೀಗೆ, ಕರುಳು ನಿಂತು.

ಅದಕ್ಕೇ ಆಪರೇಷನ್ ಮುಗಿದ ಮೇಲೆಯೇ ನಿಜವಾದ ಕೆಲಸ. ಪೆಲೆಟ್ ಪುಡಿ ಮಾಡಿ, ಬಿಸಿನೀರಿನಲ್ಲಿ ನೆನೆಸಿ, ದೋಸೆಹಿಟ್ಟಿನ ಹದಕ್ಕೆ ತಂದು ಸಿರಿಂಜ್‌ನಲ್ಲಿ ಕೊಡಬೇಕು. ಡಾಕ್ಟ್ರು ಹೇಳಿದ್ದು ದಿನಕ್ಕೆ 50 ಮಿ.ಲೀ. ಒಂದು ಸಲಕ್ಕೆ ಅರ್ಧ ಮಿ.ಲೀ., ಎದುರಿನ ಹಲ್ಲಿನ ಹಿಂದಿನ ಸಂದಿಯಿಂದ, ಅವನು ಜಗಿದು ನುಂಗಿದ ಮೇಲೆ ಮತ್ತೊಂದು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಾದರೆ ದಿನಕ್ಕೆ ನೂರು ತುತ್ತು, ಐದು ಪಾಳಿಯಲ್ಲಿ. ನನಗೆ ಎರಡನೇ ಇಂಟರ್ನಲ್ಸ್, ತಂಗಿಗೆ ಪಿಯುಸಿ ಪರೀಕ್ಷೆ. ಬೆಳಿಗ್ಗೆ ಐದರದ್ದು ನಾನು, ಮಧ್ಯಾಹ್ನದ ಎರಡು ಅಮ್ಮ, ಸಂಜೆಯದ್ದು ತಂಗಿ, ರಾತ್ರಿ ಹನ್ನೊಂದರದ್ದು ಅಪ್ಪ. ಇಡೀ ವಿಷಯಕ್ಕೆ ವಿರೋಧ ಇದ್ದ ಅಪ್ಪನ ಕೈಯಿಂದಲೇ ಅವನು ಹೆಚ್ಚು ತಿನ್ನುತ್ತಿದ್ದ. ನೋವಿನ ಔಷಧ ದಿನಕ್ಕೊಮ್ಮೆ. ಆ್ಯಂಟಿಬಯೋಟಿಕ್ ವಿಷಯದಲ್ಲಿ ಒಂದು ಮಾತು ಗೆರೆ ಎಳೆದು ಇಟ್ಟುಕೊಳ್ಳಿ: ನಮಗೆ ಕೊಡುವ ಅಮಾಕ್ಸಿಸಿಲಿನ್ ಥರದ, ಪೆನ್ಸಿಲಿನ್ ಜಾತಿಯ ಔಷಧವನ್ನು ಗಿನಿ ಪಿಗ್‌ನ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಅದೇ ಜೀವ ತೆಗೆಯಬಹುದು. ಮನೆಯಲ್ಲಿ ಉಳಿದ ಮಾತ್ರೆ ಅರ್ಧ ಮಾಡಿ ಕೊಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಐದನೇ ದಿನ ಅವನಾಗಿಯೇ ಒಂದು ಎಳೆ ಗರಿಕೆ ಎಳೆದು ತಿಂದ.

ಹುಲ್ಲಿನ ಕತೆ ಬೇರೆಯೇ ಉಂಟು. ಪುಸ್ತಕಗಳಲ್ಲಿ ಟಿಮೋತಿ ಹುಲ್ಲು ಅಂತ ಬರೆದಿರುತ್ತಾರೆ. ಅದು ಹೊರಗಿನಿಂದ ಬರುವ ಮಾಲು, ಆನ್‌ಲೈನ್‌ನಲ್ಲಿ ತರಿಸಿದರೆ ದುಬಾರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಒಣಗಿದ್ದು ಅಂತ ಯಾವುದೂ ಇರುವುದಿಲ್ಲ. ಪ್ಯಾಕೆಟ್ ತೆರೆದ ಕೆಲವೇ ದಿನದಲ್ಲಿ ಬೂಷ್ಟು ವಾಸನೆ. ಬೂಷ್ಟು ಹಿಡಿದದ್ದನ್ನು ಕೊಡುವ ಹಾಗಿಲ್ಲ. ಬೈಹುಲ್ಲು ಸುಲಭಕ್ಕೆ ಸಿಗುತ್ತದೆ, ಸಿಲಿಕಾವೂ ಧಾರಾಳ, ಆದರೆ ಸತ್ವ ಇಲ್ಲ, ಅದೊಂದನ್ನೇ ನಂಬಿದರೆ ಸೊರಗುತ್ತಾನೆ. ಕೊನೆಗೆ ಅಜ್ಜಿ ದಾರಿ ತೋರಿಸಿದರು. ಗಣಪತಿಗೆ ಏರಿಸುವ ಗರಿಕೆ, ದನಕ್ಕೆ ಹಾಕುವ ಹಸಿ ಹುಲ್ಲು. ಮಳೆಗಾಲದಲ್ಲಿ ಇದಕ್ಕೆ ಬರವಿಲ್ಲ. ರಸ್ತೆ ಬದಿಯದ್ದು, ಔಷಧ ಸಿಂಪಡಿಸಿದ್ದು ಬಿಟ್ಟು, ಪರಿಚಯದವರ ತೋಟದಿಂದ ತಂದು, ತೊಳೆದು, ಫ್ಯಾನಿನ ಕೆಳಗೆ ನೀರು ಆರಿಸಿ ಕೊಡುತ್ತೇವೆ. ಬೇಸಿಗೆಯಲ್ಲಿ ಟೆರೇಸಿನಲ್ಲಿ ಹಪ್ಪಳದ ಪಕ್ಕ ಅದನ್ನೇ ಒಣಗಿಸಿ ಡಬ್ಬಿಯಲ್ಲಿ ತುಂಬಿಸಿಡುತ್ತೇವೆ. ಪೆಲೆಟ್ ಈಗ ದಿನಕ್ಕೆ ಒಂದು ಚಮಚ, ಅಷ್ಟೇ.

ಇಷ್ಟೆಲ್ಲ ಮಾಡಿದರೂ ಇದು ಗುಣವಾಗುವ ಕಾಯಿಲೆ ಅಲ್ಲ. ಒಮ್ಮೆ ಓರೆಯಾದ ಹಲ್ಲು ಓರೆಯಾಗಿಯೇ ಬೆಳೆಯುತ್ತದೆ. ಕೆಲವು ವಾರಕ್ಕೊಮ್ಮೆ ಮತ್ತೆ ಅರೆಯಬೇಕಾಗಬಹುದು, ಜೀವ ಇರುವ ತನಕ ಅಂತ ಡಾಕ್ಟ್ರು ಮೊದಲೇ ಹೇಳಿದ್ದರು. ಮೊದಲ ಬಿಲ್ಲು ನಾಲ್ಕು ಸಾವಿರದ ಹತ್ತಿರ ಆಯಿತು. ಅಪ್ಪ ಚೀಟಿ ನೋಡಿ ಬೈಯಲಿಲ್ಲ. ರಾತ್ರಿ ಸಿರಿಂಜ್ ಹಿಡಿದುಕೊಂಡೇ ಕೇಳಿದರು: "ದುಡ್ಡು ಇರಲಿ ಮಗಾ. ಇನ್ನು ಎಷ್ಟು ಸಲ ಇದಕ್ಕೆ ಗ್ಯಾಸ್ ಕೊಡಿಸುವುದು? ಇದಕ್ಕೆ ಬದುಕಬೇಕು ಅಂತ ಉಂಟಾ, ಅಥವಾ ನಿಮಗೆ ಸಾಕಬೇಕು ಅಂತಲಾ?" ತಂಗಿ ಎದ್ದು ಒಳಗೆ ಹೋದಳು. ನನಗೆ ಆ ಪ್ರಶ್ನೆ ತಪ್ಪು ಅಂತ ಅನ್ನಿಸಲಿಲ್ಲ. ಪೇಟೆಯಲ್ಲಿ ಹೊಸ ಗಿನಿ ಪಿಗ್ ಆ ಬಿಲ್ಲಿಗಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ ಅನ್ನುವವರಿಗೆ ಉತ್ತರ ಕೊಡುವುದು ಸುಲಭ. ಅಪ್ಪನ ಪ್ರಶ್ನೆಗೆ ಅಲ್ಲ.

ಮೂರು ದಿನ ಬಿಟ್ಟು ಎಲ್ಲರೂ ಒಟ್ಟಿಗೆ ಕೂತು, ಡಾಕ್ಟ್ರಿಗೂ ಫೋನ್ ಮಾಡಿ, ಒಂದು ನಿಯಮ ಮಾಡಿದೆವು. ತಂಗಿ ಅದನ್ನು ತೂಕದ ಪುಸ್ತಕದ ಹಿಂಬದಿಯಲ್ಲಿ ಬರೆದಿದ್ದಾಳೆ. ಒಂದು ವಾರದಲ್ಲಿ 30 ಗ್ರಾಂ ಇಳಿದರೆ ಕ್ಲಿನಿಕ್. ಅರೆದ ಮೇಲೆ ಅವನು ತಾನಾಗಿ ಹುಲ್ಲು ತಿನ್ನುವ ತನಕ ನಾವು ತಿನ್ನಿಸುವುದು. ಎರಡು ಚಿಕಿತ್ಸೆಗಳ ನಡುವಿನ ಅಂತರ ಮೂರು ವಾರಕ್ಕಿಂತ ಕಡಿಮೆಯಾದರೆ, ಅಥವಾ ಬೇರು ಮೂಳೆ ದಾಟಿ ಕೀವು ಕಟ್ಟಿದರೆ, ನೋವಿಲ್ಲದೆ ಕಳಿಸಿಕೊಡುವ ಬಗ್ಗೆ ಡಾಕ್ಟ್ರ ಹತ್ತಿರ ಕೇಳುವುದು. ಕೊನೆಯ ಸಾಲನ್ನು ಬರೆದದ್ದು ಅವಳೇ. ನಾನು ಹೇಳಿಕೊಟ್ಟದ್ದಲ್ಲ. ಇಲ್ಲಿಯ ತನಕ ಅಂತರ ಐದು ವಾರ, ಎಂಟು ವಾರ, ಏಳು ವಾರ. ಈ ಗ್ರಾಫ್ ಎತ್ತ ಹೋಗುತ್ತದೆ ಅಂತ ಹೇಳಲು ಮೂರು ಪಾಯಿಂಟ್ ಸಾಲದು ಅಂತ ನಮಗೆಲ್ಲ ಗೊತ್ತು.

ಗಿನಿ ಪಿಗ್ ಸಾಕುವ ಗೆಳೆಯರೇ, ಗೂಡು ತರುವ ಮೊದಲು ತಕ್ಕಡಿ ತನ್ನಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ತೂಗಿ ಬರೆದಿಡಿ. ಹತ್ತು ತುತ್ತಿನಲ್ಲಿ ಎಂಟು ಹುಲ್ಲಾಗಿರಲಿ. ಎದುರಿನ ಹಲ್ಲು ಚಂದ ಕಂಡಿತು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಯಾವ ಕ್ಲಿನಿಕ್‌ನಲ್ಲಿ ದವಡೆ ಹಲ್ಲು ನೋಡುತ್ತಾರೆ ಅಂತ ಕಾಯಿಲೆ ಬರುವ ಮೊದಲೇ ನಾಲ್ಕು ಕಡೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಗದ್ದ ಒದ್ದೆಯಾಗಿ, ತುತ್ತು ಬಾಯಿಂದ ಬೀಳುವುದು ಕಂಡರೆ ಅದೇ ದಿನ ಹೊರಡಿ. ಮರುದಿನ ಇಂಟರ್ನಲ್ಸ್ ಇದ್ದರೂ ಹೊರಡಿ. ಮೇಕಪ್ ಟೆಸ್ಟ್ ಸಿಗುತ್ತದೆ.